ಸೂಜಿಯ ತುದಿ

ಪ್ರಾರ್ಥನೆ ಮುಗಿದು, ಬಟ್ಟೆ ಕತ್ತರಿಸುವ ಮೇಜಿನ ಸುತ್ತ ನಿಂತವರೆಲ್ಲ ಕಣ್ಣು ತೆರೆದರು. ದೊಡ್ಡಕ್ಕ ದಿನವೂ ಕೇಳುವಂತೆ ಕೇಳಿದಳು: "ನಿನ್ನೆ ಯಾರ ಕೈಯಲ್ಲಾದ್ರೂ ತಪ್ಪಾಗಿದ್ರೆ ಹೇಳಿ. ದೇವರ ಮುಂದೆ ಆಡಿದ ಮಾತಿಗೆ ಇಲ್ಲಿ ಶಿಕ್ಷೆ ಇಲ್ಲ."

ಆ ಹೊಲಿಗೆ ಕಾರ್ಖಾನೆ ಅವಳದು, ಈ ಪದ್ಧತಿಯೂ ಅವಳದೇ. ಹಿಂದೆಲ್ಲ ಒಬ್ಬರಲ್ಲ ಒಬ್ಬರು ಬಾಯಿ ಬಿಡುತ್ತಿದ್ದರು. ಎಡದ ತೋಳು ಬಲಕ್ಕೆ ಹೋಯಿತು, ಜೇಬು ಬೆನ್ನಿಗೆ ಬಂತು. ನಗುತ್ತ ಬಿಚ್ಚಿ, ಮತ್ತೆ ಹೊಲಿಯುತ್ತಿದ್ದರು. ಈ ವಾರ ಮಾತ್ರ ಎಲ್ಲರೂ ನೆಲ ನೋಡುತ್ತಿದ್ದರು.

"ಯಾರೂ ಇಲ್ವಾ? ಒಳ್ಳೇದೇ ಆಯ್ತು," ಎಂದ ಸೂಪರ್‌ವೈಸರ್. "ಗಾಡಿ ಬಾಗಿಲಲ್ಲೇ ನಿಂತಿದೆ, ದೊಡ್ಡಕ್ಕ. ಪೆಟ್ಟಿಗೆ ಏರಿಸ್ಲಾ?"

ಮಾತು ದೊಡ್ಡಕ್ಕನಿಗೆ, ಕಣ್ಣು ಮಾತ್ರ ಮೂಲೆಯ ಯಂತ್ರದ ಹುಡುಗಿಯ ಮೇಲೆ. ಅವಳಿಗೆ ಮಾತು ಕಡಿಮೆ. ಎಲ್ಲರೂ ಮೂಗಿ ಎಂದೇ ಕರೆಯುತ್ತಿದ್ದರು. ನಿನ್ನೆ ಎಳೆಗೂಸುಗಳ ಅಂಗಿಗೆ ಕತ್ತಿನ ಪಟ್ಟಿ ಹೊಲಿಯುವಾಗ ಅವಳ ಸೂಜಿ ಮುರಿದಿತ್ತು. ಚೂರುಗಳನ್ನೆಲ್ಲ ಜೋಡಿಸಿ ತೋರಿಸಿದ ಮೇಲೆಯೇ ಹೊಸ ಸೂಜಿ ಎಂಬುದು ಅಲ್ಲಿನ ನಿಯಮ. ತುದಿ ಸಿಗಲಿಲ್ಲ. ಅಯಸ್ಕಾಂತ ಹಿಡಿದು ನೆಲವನ್ನೆಲ್ಲ ಸವರಿದ್ದಳು. ಸೂಪರ್‌ವೈಸರ್ ಬಂದು ಹೊಸ ಸೂಜಿ ಕೈಗಿಟ್ಟು, "ಕಸದಲ್ಲಿ ಹೋಗಿರತ್ತೆ ಬಿಡು. ಇರೋ ಕೆಲಸ ಉಳಿಸ್ಕೋ ತಾಯಿ," ಎಂದಿದ್ದ.

"ಏರಿಸಿ," ಎಂದಳು ದೊಡ್ಡಕ್ಕ.

"ಅಕ್ಕಾ, ಒಂದು ಕೇಳ್ಲಾ?" ತನ್ನ ದನಿ ಮೂಗಿಗೇ ಹೊಸದೆನಿಸಿತು.

"ಮೂಗಿಗೂ ಬಾಯಿ ಬಂತು ನೋಡ್ರಪ್ಪ," ಎಂದ ಸೂಪರ್‌ವೈಸರ್. ಯಾರೂ ನಗಲಿಲ್ಲ.

"ಕೇಳಮ್ಮ," ಎಂದಳು ದೊಡ್ಡಕ್ಕ.

"ಹೋದ ವಾರ ಇಸ್ತ್ರಿ ಮಾಮ ಇಲ್ಲೇ ನಿಂತು, ಬಟ್ಟೆ ಸುಟ್ಟೆ ಅಂತ ಒಪ್ಕೊಂಡ್ರು. ಮಾರನೇ ದಿನದಿಂದ ಅವರ ಕೈಗೆ ಪೊರಕೆ ಬಂತು. ಅದು ಶಿಕ್ಷೆ ಅಲ್ವಾ?"

ಹೊರಗೆ ಗಾಡಿಯವನು ಹಾರ್ನ್ ಒತ್ತಿದ. ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಮುದುಕ ತಲೆ ತಗ್ಗಿಸಿದ.

"ಅವರಿಗೆ ಕಣ್ಣು ಮಂಜಾಗಿದೆ. ಅದಕ್ಕೆ ಕೆಲಸ ಬದಲಾಯ್ಸಿದ್ದು," ಎಂದಳು ದೊಡ್ಡಕ್ಕ.

"ದೇವರ ಮುಂದೆ ಕೇಳಿದ್ರೂ ಇದೇನಾ ಉತ್ತರ?"

"ಏಯ್, ನಾಲಿಗೆ ಉದ್ದ ಆಯ್ತು," ಸೂಪರ್‌ವೈಸರ್ ಮುಂದೆ ಬಂದ. "ಚೀಲ ತಗೊಂಡು ನಡಿ ಮನೆಗೆ."

ದೊಡ್ಡಕ್ಕ ಅಂಗೈ ಎತ್ತಿ ಅವನನ್ನು ತಡೆದಳು. ಅವಳ ಕಿವಿ ಕೆಂಪಾಗಿತ್ತು. ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. ಇನ್ನೊಂದು ಮಾತು ಬಂದರೆ ಯಾರ ಅನ್ನಕ್ಕೆ ಕಲ್ಲು ಬೀಳುವುದೋ ಎಂದು ಎಲ್ಲರೂ ಅವಳ ಮುಖ ನೋಡಿದರು.

"ಅವರ ಕಣ್ಣು ಸರಿಯಾಗೇ ಇದೆ," ಎಂದಳು ಕೊನೆಗೆ. "ನಿಮ್ಮೆಲ್ಲರ ಮುಂದೆ ಕ್ಷಮಿಸಿದೆ ಅಂದೆ. ಒಳಗೆ ಸಿಟ್ಟು ಆರಿರ್ಲಿಲ್ಲ. ನೆವ ಹುಡುಕಿ ಅವರನ್ನ ಇಸ್ತ್ರಿಯಿಂದ ತೆಗೆದೆ. ತಪ್ಪು ನಂದು. ಮಾಮ, ಪೊರಕೆ ಇಟ್ಟು ಇಸ್ತ್ರಿಗೆ ಬನ್ನಿ."

"ಅರ್ಧ ಗುಡಿಸಿದ್ದೀನಿ ತಾಯಿ, ಮುಗಿಸೇ ಬರ್ತೀನಿ," ಎಂದ ಮುದುಕ.

ಆಗ ಮೂಗಿ ತಡವರಿಸದೆ ಹೇಳಿದಳು: "ನಿನ್ನೆ ನನ್ನ ಸೂಜಿ ಮುರೀತು ಅಕ್ಕಾ. ತುದಿ ಸಿಕ್ಕಿಲ್ಲ. ಆ ಪೆಟ್ಟಿಗೆಗಳಲ್ಲಿ ಯಾವುದೋ ಒಂದು ಅಂಗಿಯ ಕತ್ತಿನ ಪಟ್ಟೀಲಿ ಇರ್ಬೇಕು."

ಸೂಪರ್‌ವೈಸರ್ ಹಣೆ ಒರೆಸಿಕೊಂಡ. "ಈಗ ಬಿಚ್ಚಿದ್ರೆ ಗಾಡಿ ಖಾಲಿ ಹೋಗತ್ತೆ. ಆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕಿ ಮಲಗಲ್ಲ. ಅಷ್ಟಕ್ಕೂ ಹುಡುಕೋದು ಹೇಗೆ? ಹೊಲಿಗೆ ಒಳಗೆ ಸೇರಿದ್ರೆ ಅಯಸ್ಕಾಂತಕ್ಕೆ ಬರಲ್ಲ, ಕಣ್ಣಿಗೂ ಕಾಣಲ್ಲ. ಕೈಗೂ ಹತ್ತಲ್ಲ, ನಮ್ಮ ಬೆರಳೆಲ್ಲ ಕಲ್ಲಾಗಿವೆ."

ದೊಡ್ಡಕ್ಕ ಮೊದಲ ರಟ್ಟಿನ ಪೆಟ್ಟಿಗೆಯನ್ನು ಹರಿದಳು. ಗೇಣುದ್ದದ ಅಂಗಿಯೊಂದನ್ನೆತ್ತಿ, ಅದರ ಕತ್ತಿನ ಪಟ್ಟಿಯನ್ನು ತನ್ನ ಕೆನ್ನೆಗೆ ಒತ್ತಿ ನಿಧಾನವಾಗಿ ಎಳೆದಳು. ಪಕ್ಕಕ್ಕಿಟ್ಟು ಇನ್ನೊಂದನ್ನೆತ್ತಿಕೊಂಡಳು. ಮೂಗಿ ಎದುರು ಕೂತು ಹಾಗೆಯೇ ಮಾಡತೊಡಗಿದಳು. ಮೆಲ್ಲನೆ ಉಳಿದವರೂ ಕೂತರು. ಗಾಡಿ ಹೊರಟುಹೋದ ಸದ್ದು ಕೇಳಿಸಿತು. ಸೂಪರ್‌ವೈಸರ್ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದ. ಆಮೇಲೆ, "ನನ್ನ ಗಡ್ಡಕ್ಕೆ ಏನೂ ತಿಳಿಯಲ್ಲ," ಎಂದು ಗೊಣಗುತ್ತ ತನ್ನ ಅಂಗಿಯ ತೋಳು ಮಡಚಿ, ಮಣಿಕಟ್ಟಿನ ಒಳಮೈಗೆ ಅಂಗಿಯೊಂದನ್ನು ಉಜ್ಜತೊಡಗಿದ.

ಬಿಸಿಲು ಕಿಟಕಿ ದಾಟುವ ಹೊತ್ತಿಗೆ ದೊಡ್ಡಕ್ಕನ ಕೈ ನಿಂತಿತು. ಅವಳ ಕೆನ್ನೆಯ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಕೆಂಪು ಗೆರೆ ಮೂಡಿತ್ತು. ಅದನ್ನು ಒರೆಸಿಕೊಳ್ಳಲು ಮರೆತು, ಆ ಅಂಗಿಯ ಕತ್ತು ಎಷ್ಟು ಚಿಕ್ಕದೆಂದು ನೋಡುತ್ತ ಕುಳಿತಳು.