ಕಾಲುವೆಯವರೆಗೆ

ಪಾಮೊಂತ್ ಕಲ್ಲಿನ ಚೂರಿಯನ್ನು ತಂದೆಯ ಎಡ ಪಕ್ಕೆಗೆ ಇಳಿಸಿದ. ಒಂದು ಗೇಣು ಉದ್ದ ಎಳೆದ. ಚೂರಿ ಬಿಸಾಡಿ ಓಡಿದ.

ಹಲಗೆಯ ಮೇಲೆ ಮಲಗಿದ್ದ ಮುದುಕ ನೆಸ್‌ಮಿನ್ ಚೀರಲಿಲ್ಲ, ಕೈ ಅಡ್ಡ ತರಲಿಲ್ಲ. ಗುಡಾರದೊಳಗೆ ಇನ್ನೂ ಮೂವರಿದ್ದರು. ಒಬ್ಬನೂ ಪಾಮೊಂತನನ್ನು ತಡೆಯಲಿಲ್ಲ. ಅವನು ಹೊರಬಿದ್ದ ಮೇಲೆ ಅವರಲ್ಲೊಬ್ಬ ಗಂಟಲು ಹರಿಯುವಂತೆ ಕೂಗಿದ: "ಮೈಗೆ ಕತ್ತಿ ಹಾಕ್ದ! ಹೊಡೀರಿ ಅವನಿಗೆ!"

ಮೊದಲ ಕಲ್ಲು ಭುಜಕ್ಕೆ ಬಡಿಯಿತು. ಎರಡನೆಯದು ಕಿವಿಯ ಪಕ್ಕದಲ್ಲಿ ಸುಯ್ಯೆಂದು ಹೋಯಿತು.

ಗುಡಾರದಿಂದ ಕಾಲುವೆಗೆ ಮುನ್ನೂರು ಹೆಜ್ಜೆ. ದಾಟಿದರೆ ಬದುಕಿದ; ಆಚೆ ದಡಕ್ಕೆ ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಓಣಿಯ ಎರಡೂ ಕಡೆ ಬಾಗಿಲುಗಳು ತೆರೆದುಕೊಂಡವು. ರೊಟ್ಟಿ ತಟ್ಟುತ್ತಿದ್ದ ಹೆಂಗಸರು ಹಿಟ್ಟಿನ ಕೈಯಲ್ಲೇ ಕಲ್ಲೆತ್ತಿದರು. ಅವನ ಮದುವೆಯಲ್ಲಿ ಮೂರು ಹೊತ್ತು ಉಂಡು ಹಾಡು ಹೇಳಿದ್ದ ಬಿಯರು ಮಾರುವವಳು, "ಥೂ ಪಾಪಿ, ಅಪ್ಪನ ಮೈ ಸೀಳಿದ್ಯಲ್ಲೋ!" ಎಂದು ಬೀಸಿ ಎಸೆದಳು. ಹಣೆ ಒಡೆಯಿತು. ರಕ್ತ ಕಣ್ಣಿಗಿಳಿಯಿತು.

ಓಣಿಯ ತಿರುವಿನಲ್ಲಿ ಕಾವಲುಗಾರ ಕೋಲು ಹಿಡಿದು ನಿಂತಿದ್ದ. ಪಾಮೊಂತ್ ಹತ್ತಿರ ಬಂದಾಗ ಗೋಡೆಗೆ ಸರಿದು ದಾರಿ ಬಿಟ್ಟ. ದಾಟಿದ ಮೇಲೆ ಬೆನ್ನಿಗೊಂದು ಬಾರಿಸಿದ.

ಇವೆಲ್ಲ ತಡೆದುಕೊಳ್ಳುವ ಏಟುಗಳೇ. ಪಾಮೊಂತ್ ಹೆದರಿದ್ದು ತಮ್ಮ ಹರ್ವಾನಿಗೆ.

ಹರ್ವಾ ಊರಿನ ಕ್ಷೌರಿಕ. ಸದಾ ನುಣ್ಣಗಿರುತ್ತಿದ್ದ ಅವನ ತಲೆಯ ಮೇಲೆ ಈಗ ಮೂರು ದಿನದ ಕೂದಲು ಚುಚ್ಚುತ್ತಿತ್ತು. ನಿನ್ನೆ ಮಧ್ಯಾಹ್ನ ಜಾಲಿ ಮರದ ಕೆಳಗೆ ಅಣ್ಣನ ಕಾಲು ಹಿಡಿದುಕೊಂಡಿದ್ದ.

"ಬೇಡ ಅಣ್ಣ. ಆಗ್ಲೇಬೇಕು ಅಂದ್ರೆ ದೂರದ ಊರಿಂದ ಯಾರನ್ನಾದ್ರೂ ಕರೆಸು. ನಿನ್ನ ಕೈಯಲ್ಲಿ ಬೇಡ."

"ಬೇರೆಯವರ ಕೈ ನಡುಗುತ್ತೆ. ನಂದು ನಡುಗಲ್ಲ."

"ಅವನು ನಮ್ಮಪ್ಪ!"

"ಅದಕ್ಕೇ ನಾನೇ ಮಾಡ್ಬೇಕು."

ಹರ್ವಾ ಕಾಲು ಬಿಟ್ಟು ಎದ್ದಿದ್ದ. "ಸರಿ. ಹಾಗಾದ್ರೆ ಚೆನ್ನಾಗಿ ಓಡು. ನನ್ನ ಕೈಗೆ ಮಾತ್ರ ಸಿಗ್ಬೇಡ."

ನೆಸ್‌ಮಿನ್ ಮೃದು ಮನುಷ್ಯನಾಗಿರಲಿಲ್ಲ. ಹತ್ತನೆಯ ವಯಸ್ಸಿಗೆ, ಹುಡುಗತನ ಮುಗಿಯಿತೆಂದು ಪಾಮೊಂತನ ಪಕ್ಕಜುಟ್ಟು ಕತ್ತರಿಸಿದ ದಿನ, ಮನೆಯವರೆಲ್ಲ ಜೇನಿನ ರೊಟ್ಟಿ ತಿನ್ನುತ್ತಿದ್ದಾಗ, ಮಗನನ್ನು ಹಿತ್ತಲಿಗೆ ಎಳೆದೊಯ್ದು ಕೈಗೆ ಚೂರಿ ಕೊಟ್ಟಿದ್ದ. ಸತ್ತ ಹೆಬ್ಬಾತುಗಳನ್ನು ಒಂದಾದ ಮೇಲೊಂದು ಸೀಳಿಸಿದ್ದ. ಕೈ ನಡುಗಿದಾಗಲೆಲ್ಲ ಬೆತ್ತದ ಏಟು. ನೋಡುತ್ತ ನಿಂತಿದ್ದ ಪುಟ್ಟ ಹರ್ವಾ ವಾಂತಿ ಮಾಡಿಕೊಂಡಿದ್ದ. "ಒಂದಿನ ಇದನ್ನ ನನ್ನ ಮೇಲೇ ಎತ್ತೋನು ನೀನು," ಎಂದಿದ್ದ ನೆಸ್‌ಮಿನ್. "ಆವತ್ತು ಕೈ ನಡುಗ್ಲಿ, ನೋಡ್ಕೋತೀನಿ."

ಇವತ್ತು ನಡುಗಿರಲಿಲ್ಲ.

ಕಾಲುವೆಯ ನೀರು ಕಂಡಿತು. ಇನ್ನು ಹತ್ತು ಹೆಜ್ಜೆ. ಹಿಂದಿನ ಸಂದಿಯಿಂದ ಹರ್ವಾ ಗೂಳಿಯಂತೆ ನುಗ್ಗಿ ಬಂದು ಅಣ್ಣನನ್ನು ಕೆಡವಿದ. ಪಾಮೊಂತನ ಬಾಯಿ ನೆಲಕ್ಕೆ ಬಡಿದು ಹಲ್ಲೊಂದು ಮುರಿಯಿತು.

"ಬಿಡು ಹರ್ವಾ. ಕಾಲುವೆ ಇಲ್ಲೇ ಇದೆ."

"ಯಾವ ಕೈ? ಕತ್ತಿ ಇಟ್ಟಿದ್ದು ಯಾವ ಕೈ?"

ಪಾಮೊಂತ್ ಬಲಗೈಯನ್ನು ಎದೆಯಡಿಗೆ ಎಳೆದುಕೊಂಡ. ಹರ್ವಾ ಅದನ್ನು ಹೊರಗೆಳೆದು ಮಂಡಿಯಡಿ ಒತ್ತಿ ಹಿಡಿದ. ದಡದಲ್ಲಿದ್ದ ತಲೆಗಾತ್ರದ ಬಂಡೆಯನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಎಲುಬು ಮುರಿದ ಸದ್ದು ಓಣಿಯ ತುದಿಯವರೆಗೆ ಕೇಳಿಸಿತು. ಮತ್ತೊಮ್ಮೆ ಇಳಿಸಿದ. ಬೆರಳುಗಳು ಬೆರಳಿನಂತೆ ಉಳಿಯಲಿಲ್ಲ. ಮೂರನೆಯ ಸಲ ಎತ್ತಿದಾಗ ಅವನ ಕಣ್ಣು ಅಣ್ಣನ ತಲೆಯ ಮೇಲಿತ್ತು.

ಬೆನ್ನಟ್ಟಿ ಬಂದ ಜನ ತಟ್ಟನೆ ನಿಂತರು.

ಗುಂಪನ್ನು ಸೀಳಿಕೊಂಡು ಅವರ ತಾಯಿ ತಾಹೆಬ್ ಬಂದಳು. ಅವಳ ಮುಖಕ್ಕೂ ಕೆದರಿದ ಕೂದಲಿಗೂ ನೈಲ್ ನದಿಯ ಕೆಸರು ಮೆತ್ತಿತ್ತು. ಹರ್ವಾನ ಕೆನ್ನೆಗೆ ಹೊಡೆದಳು. ಬಂಡೆ ಪಕ್ಕಕ್ಕೆ ಬಿತ್ತು.

"ಕೊಲ್ಲೋಕೆ ಯಾರೋ ಹೇಳಿದ್ದು ನಿಂಗೆ?"

"ಇವನು ಅಪ್ಪನ್ನ ಸೀಳ್ದ ಅಮ್ಮ..."

"ನಿಮ್ಮಪ್ಪ ಸತ್ತು ಮೂರು ದಿನ ಆಯ್ತಲ್ಲೋ! ಹೆಣಕ್ಕೆ ನೋವಾಗುತ್ತಾ? ಸೀಳಿ ಉಪ್ಪು ತುಂಬದೆ ಆ ಲೋಕಕ್ಕೆ ಹೇಗೆ ಕಳಿಸ್ತಿದ್ದೆ, ಕೊಳೆಯೋಕೆ ಬಿಟ್ಟಾ?" ಅವಳು ಓಣಿಯ ಕಡೆ ಕೈ ಚಾಚಿದಳು. "ನಲವತ್ತು ವರ್ಷ ಈ ಊರಿನ ಹೆಣಗಳನ್ನೆಲ್ಲ ಸೀಳಿದ್ದು ಅವರೇ. ಪ್ರತಿ ಸಲ ಇದೇ ಓಣೀಲಿ ಕಲ್ಲೇಟು ತಿಂದು ಓಡಿ ಬರ್ತಿದ್ರು. ಹೆಣಕ್ಕೆ ಗಾಯ ಮಾಡ್ದೋನಿಗೆ ಕಲ್ಲು ಹೊಡೀಬೇಕು, ಕಾಲುವೆ ದಾಟಿದ್ಮೇಲೆ ಬಿಡ್ಬೇಕು. ನಡ್ಕೊಂಡು ಬಂದಿರೋದು ಅಷ್ಟೇ. ನೀನು ನಿಜವಾಗ್ಲೂ ಹೊಡೆದುಬಿಟ್ಯಲ್ಲೋ."

ಅವಳು ಸೆರಗು ಹರಿದು ದೊಡ್ಡ ಮಗನ ಕೈಗೆ ಸುತ್ತಿದಳು. ಬಟ್ಟೆ ಕೂಡಲೇ ನೆನೆಯಿತು. ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಚಿಕ್ಕವನ ಕಡೆ ತಿರುಗದೆಯೇ ಹೇಳಿದಳು.

"ನೇಕಾರ ನಿನ್ನೆ ತೀರ್ಕೊಂಡ. ನಾಡಿದ್ದು ಅವನನ್ನ ಗುಡಾರಕ್ಕೆ ತರ್ತಾರೆ. ಚೂರಿ ನಮ್ಮನೆ ಗಂಡಸರೇ ಹಿಡೀಬೇಕು. ಇವನ ಕೈ ಹೋಯ್ತು. ಉಳಿದಿರೋದು ನೀನೊಬ್ಬನೇ."

ಹರ್ವಾ ತಲೆಯೆತ್ತಿದ. ಗುಂಪಿನ ಮುಂದೆ ಸೂತಕದ ಕೆಸರನ್ನು ಮುಖಕ್ಕೆ ಬಳಿದುಕೊಂಡ ನೇಕಾರನ ಮೂವರು ಗಂಡುಮಕ್ಕಳು ನಿಂತು ಅವನನ್ನೇ ನೋಡುತ್ತಿದ್ದರು. ಎಷ್ಟು ದೊಡ್ಡ ಕಲ್ಲು ಎತ್ತಬಹುದೆಂದು ಅವರಿಗೆ ಈಗಷ್ಟೇ ಗೊತ್ತಾಗಿತ್ತು.