ಟೈಲರಮ್ಮನ ಕಡೆಯವರು

"ಟೈಲರಮ್ಮನ ಕಡೆಯವರು ಯಾರಿದ್ದೀರಿ?" ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರು ಎರಡು ಸಲ ಕೇಳಿದರು. ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏಳಲಿಲ್ಲ.

"ಒಬ್ಬರೇ ಬಂದಿದ್ದು ಸರ್. ಸಹಿಯೂ ಅವರೇ ಹಾಕಿದ್ದು," ಎಂದಳು ನರ್ಸ್.

ಸಂಜೆ ಟೈಲರಮ್ಮನಿಗೆ ಎಚ್ಚರವಾದಾಗ ಡಾಕ್ಟರು ಮಂಚದ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು. ಮನೆಯವರಿಗೆ ಹೇಳಬೇಕಾದ್ದನ್ನೆಲ್ಲ ಆಕೆಗೇ ಹೇಳಿದರು. ರಕ್ತನಾಳದೊಳಗಿಂದ ಹೃದಯಕ್ಕೆ ದಾರಿ ಸಿಗಲಿಲ್ಲ. ಎದೆ ಕೊಯ್ದು ಪೇಸ್‌ಮೇಕರಿನ ಎರಡು ತಂತಿಗಳನ್ನು ಹೃದಯದ ಮೇಲೇ ಹೊಲಿದಿದ್ದೇವೆ.

"ಹೊಲಿಗೆ ಬಿಗಿಯಾಗಿದೆಯಾ?"

"ನಿಮ್ಮಷ್ಟು ನಾಜೂಕಿಲ್ಲಮ್ಮ. ಆದ್ರೆ ಬಿಚ್ಚೋದಿಲ್ಲ."

ಆಕೆ ನಕ್ಕಳು. ನಗು ಇಳಿದ ಮೇಲೆ, ಹೊರಗೆ ಕಾದು ಕೂತ ಮನೆಯವರು ವಿಚಾರಿಸುವ ಹಾಗೆ, ದನಿ ತಗ್ಗಿಸಿ ಕೇಳಿದಳು: "ಅವಳು ಉಳೀತಾಳಾ ಡಾಕ್ಟ್ರೇ?"

ಡಾಕ್ಟರು ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. "ಉಳೀತಾರೆ. ನೀವು ಧೈರ್ಯವಾಗಿರಿ," ಎಂದರು.