ಕ್ಯಾಸೆಟ್ಟಿನಲ್ಲಿಲ್ಲದ ಚರಣ

ಎರಡನೇ ಚರಣ ಮುಗಿಯುತ್ತಿದ್ದಂತೆ ಕೊಟ್ಟೂರಪ್ಪ ಮೈಕನ್ನು ಬಿಗಿಯಾಗಿ ಹಿಡಿದ. ಸಿರುಗುಪ್ಪದ ರೈಸ್‌ಮಿಲ್ಲಿನ ಅಂಗಳದಲ್ಲಿ ಸೇರಿದ್ದ ಜನವೆಲ್ಲ ಅವನ ಜೊತೆಗೇ ಹಾಡುತ್ತಿತ್ತು. ಮುಂದಿನ ಸಾಲಿನಲ್ಲಿ ಉಚ್ಚೆಂಗೆಮ್ಮ ಕೂತಿದ್ದಳು, ಅವನ ತಂಡದಲ್ಲಿ ಗಿಟಾರು ನುಡಿಸುತ್ತಿದ್ದು ಹೋದ ವರ್ಷ ತೀರಿಕೊಂಡ ಎರ್ರೆಪ್ಪನ ಹೆಂಡತಿ. ಈ ಹಾಡಿನ ಮೂರನೇ ಚರಣವನ್ನು ಎರ್ರೆಪ್ಪ ಅವಳಿಗೆಂದೇ ಬರೆದಿದ್ದ. ನಾಚಿಕೆಗೆ ಆ ಮಾತನ್ನು ಅವಳ ಮುಂದೆ ಬಾಯಿ ಬಿಟ್ಟಿರಲಿಲ್ಲ, ಚರಣವನ್ನು ಹಾಡಿಯೂ ಕೇಳಿಸಿರಲಿಲ್ಲ.

ಹತ್ತು ವರ್ಷದ ಹಿಂದೆ ಇದೇ ಅಂಗಳದಲ್ಲಿ ಯಾರೋ ಈ ಹಾಡನ್ನು ಬ್ಯಾಟರಿ ಸೆಲ್ಲಿನ ಟೇಪ್‌ರೆಕಾರ್ಡರಿನಲ್ಲಿ ಹಿಡಿಯುವಾಗ, ಎರಡನೇ ಚರಣ ಮುಗಿಯುತ್ತಲೇ ಕರೆಂಟು ಹೋಗಿ ಹಾಡು ನಿಂತಿತ್ತು, ಜನ ಸಿಳ್ಳೆ ಹೊಡೆದಿದ್ದರು. ಸಿಳ್ಳೆಯೂ ಟೇಪಿಗೆ ಬಿತ್ತು. ಆ ಕ್ಯಾಸೆಟ್ಟು ನಕಲಿನ ಮೇಲೆ ನಕಲಾಗಿ ಬಳ್ಳಾರಿ, ಕುರುಗೋಡಿನ ಹೋಟೆಲುಗಳಲ್ಲೆಲ್ಲ ಓಡಿತು. 'ಹಗರಿ ಬಾಯ್ಸ್' ಎಂಬ ಇವರ ತಂಡದ ಹೆಸರು ಇನ್ನೂ ಉಳಿದದ್ದೇ ಅದರಿಂದ. ಅಂದಿನಿಂದ ಎಲ್ಲಿ ಹಾಡಿದರೂ ಜನ ಅಲ್ಲಿಗೇ ಸಿಳ್ಳೆ ಹೊಡೆದು ಹಾಡು ಮುಗಿಸಿಬಿಡುತ್ತಿದ್ದರು.

"ಇವತ್ತು ಪೂರಾ ಹಾಡ್ತೀನಿ. ನೀ ಡ್ರಮ್ಮು ನಿಲ್ಲಿಸಬ್ಯಾಡ ನೋಡು," ಎಂದು ಕೊಟ್ಟೂರಪ್ಪ ಡ್ರಮ್ಮಿನ ಮಾರೆಣ್ಣನಿಗೆ ಮೊದಲೇ ಹೇಳಿದ್ದ. ಮಾರೆಣ್ಣ ನಿಲ್ಲಿಸಲಿಲ್ಲ. ಆದರೆ ಸಿಳ್ಳೆ ಎದ್ದೇಬಿಟ್ಟಿತು. ಕೊಟ್ಟೂರಪ್ಪ ಮೂರನೇ ಚರಣ ಎತ್ತಿಕೊಂಡ; ಅದು ಅವನ ಕಿವಿಗೇ ಕೇಳಿಸಲಿಲ್ಲ. "ಸ್ವಲ್ಪ ತಡೀರಿ, ಹಾಡು ಇನ್ನಾ ಐತಿ," ಎಂದು ಕೈ ಮುಗಿದ. ಜನ ಅದನ್ನು ಕೊನೆಯ ನಮಸ್ಕಾರವೆಂದುಕೊಂಡು ಚಪ್ಪಾಳೆಯನ್ನೂ ಸೇರಿಸಿದರು.

ಅವನು ಉಚ್ಚೆಂಗೆಮ್ಮನ ಕಡೆ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಹಾಡು ಮುಗಿಯಿತೆಂದು ಎದ್ದು ಚಪ್ಪಲಿ ಹುಡುಕುತ್ತಿದ್ದಳು.